ಮೊದಲು ಕೈ, ಆಮೇಲೆ ಬಾಯಿ

"ನಾಲ್ಕರಲ್ಲಿ ಮೂರು ಭಾಗ ಅಂದ್ರೆ ಎಷ್ಟು, ಹೇಳಮ್ಮ?"

ತಪಾಸಣೆಗೆ ಬಂದ ಅಧಿಕಾರಿ ಕೇಳಿದ. ಹುಡುಗಿ ತನ್ನ ಖಾಲಿ ಕೈ ನೋಡಿಕೊಂಡಳು.

"ಇಷ್ಟೂ ಬರಲ್ವಾ ಮೇಡಂ? ಹೀಗಾದ್ರೆ ಈ ತರಗತಿ ಮುಂದುವರಿಸೋಕೆ ಒಪ್ಪಿಗೆ ಸಿಗೋದು ಕಷ್ಟ."

ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ಗುಜರಿ ಆಯುವವರ, ಮನೆಗೆಲಸದವರ ಮಕ್ಕಳಿಗಾಗಿ ಅವಳೇ ಕಟ್ಟಿದ ಪಾಠಕ್ರಮ ಅದು. ಇಲ್ಲಿ ಬಾಯಿಪಾಠವಿಲ್ಲ. ಮೊದಲು ಕೈಯಲ್ಲಿ ಮಾಡಿ ತೋರಿಸಬೇಕು, ಆಮೇಲೆ ಬಾಯಿ ಬಿಡಬೇಕು.

"ಅವಳ ಕೈಗೆ ಏನಾದ್ರೂ ಕೊಟ್ಟು ಕೇಳಿ ಸರ್."

ಅವನು ಕರವಸ್ತ್ರ ಕೊಟ್ಟ. ಹುಡುಗಿ ಅದನ್ನು ನಾಲ್ಕು ಪಟ್ಟಿಯಾಗಿ ಮಡಿಸಿ, ಬಿಚ್ಚಿ, ಒಂದು ಪಟ್ಟಿಯನ್ನು ಹಿಂದಕ್ಕೆ ಮಡಿಸಿದಳು.

"ಇಷ್ಟು ಸರ್. ಇದನ್ನ ಒಗೆದು ಎಷ್ಟು ದಿನ ಆಯ್ತು?"

ತರಗತಿಯೇ ನಕ್ಕಿತು. ಅವನೂ ನಕ್ಕ. ತಪ್ಪು ತನ್ನದೆಂದು ಒಪ್ಪಿಕೊಂಡ ಆ ನಗು ಟೀಚರಮ್ಮನಿಗೆ ಹಿಡಿಸಿಬಿಟ್ಟಿತು.

ಆಮೇಲೆ ಅವನು ಮತ್ತೆ ಮತ್ತೆ ಬಂದ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೊತ್ತಿ ಕೂತು ಪಾಠ ಕೇಳಿದ. ಬರುವುದು ತಡವಾದರೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. 'ಛೆ, ನನಗೇನಾಗಿದೆ...'

ಆದರೆ ಕೊನೆಯ ತಪಾಸಣೆಗೆ ಬೇರೊಬ್ಬ ಹಿರಿಯರು ಬಂದರು.

"ಅವನು ಈ ಶಾಲೆ ನಂಗೆ ಬೇಡ ಅಂದ್ಬಿಟ್ಟ ಕಣಮ್ಮ."

ಹಿರಿಯರು ಎಲ್ಲ ನೋಡಿ ಒಪ್ಪಿಗೆ ಕೊಟ್ಟರು. ತರಗತಿ ಉಳಿಯಿತು. ಮಕ್ಕಳು ಕುಣಿದರು. ಅವಳಿಗೆ ಮಾತ್ರ ಅಳು ಒತ್ತರಿಸಿ ಬಂತು. ಬೇಡವಾದದ್ದು ಶಾಲೆಯೋ, ತಾನೋ?

ಸಂಜೆ ನೇರ ಅವನ ಕಚೇರಿಗೇ ಹೋದಳು.

"ನನ್ನ ಮಕ್ಕಳು ನಿಮಗೆ ಬೇಡವಾದ್ರಾ?"

"ಅಯ್ಯೋ, ಇಲ್ಲ ಮೇಡಂ... ತಕ್ಕಡಿ ಹಿಡಿಯೋನ ಮನಸ್ಸೇ ಒಂದು ಕಡೆ ವಾಲಿದ್ರೆ ಅವನು ತೂಗಬಾರದು. ನಾನು ಒಪ್ಪಿಗೆ ಕೊಟ್ಟಿದ್ರೆ, ಮೇಡಂ ಮುಖ ನೋಡಿ ಕೊಟ್ಟ ಅಂತಿದ್ರು. ನಿಮ್ಮ ಇಷ್ಟು ವರ್ಷದ ದುಡಿಮೆಗೆ ಮಸಿ ಬಳಿದ ಹಾಗಾಗ್ತಿತ್ತು."

ಅವಳ ಕೋಪ ಎಲ್ಲಿ ಹೋಯಿತೋ.

"ನನಗಾದ್ರೂ ಹೇಳಬಹುದಿತ್ತಲ್ಲ?"

"ಒಪ್ಪಿಗೆ ಬರೋ ಮುಂಚೆ ಹೇಳಿದ್ರೆ ಲಂಚ ಕೇಳಿದ ಹಾಗೆ."

"ಈಗ ಬಂತಲ್ಲ. ಹೇಳಿ."

ಅವನು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ಅತ್ತಿತ್ತ ಸರಿಸಿದ.

"ನಿಮ್ಮ ಜೊತೆ ಬದುಕಬೇಕು ಅಂತ ಆಸೆ."

ಅವಳ ಕಣ್ಣು ತುಂಬಿತು. ಆದರೂ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ನಾನು ಮನೇಲೂ ಪಾಠದ ಯೋಚನೆಯಲ್ಲೇ ಇರ್ತೀನಿ. ಒಲೆ ಮೇಲೆ ಇಟ್ಟಿದ್ದು ಸೀದು ಹೋಗುತ್ತೆ."

"ಒಲೆ ನಾನು ನೋಡ್ಕೋತೀನಿ."

"ಹಾಗಾದ್ರೆ ಬಂದು ಅಮ್ಮನ್ನ ಕೇಳಿ."

"ಯಾವಾಗ ಬರಲಿ?"

"ಈಗ್ಲೇ ಬರಬಾರದಾ..."