ಕೊನೆಯ ಸಿಪಾಯಿಯ ಕಣ್ಣು

"ಒಂದು ಜೊತೆ ಕಣ್ಣು ಬಿಡಿಸಿಕೊಡ್ತೀರೇನ್ರಿ?"

ಚೌಡೇಶ್ವರಿ ತಲೆ ಎತ್ತಲಿಲ್ಲ. ಚಿತ್ರದುರ್ಗದ ದಾಸಣ್ಣನ ಫೋಟೋ ಸ್ಟುಡಿಯೋದ ಕಿಟಕಿ ಪಕ್ಕ ಕೂತು, ಯಾವನೋ ಮದುಮಗನ ಮುಚ್ಚಿಹೋದ ಕಣ್ಣನ್ನು ಫೋಟೋದ ಮೇಲೆ ಸಣ್ಣ ಬ್ರಷ್‌ನಿಂದ ತೆರೆಸುತ್ತಿದ್ದಳು. ತಾಳಿ ಕಟ್ಟುವ ಹೊತ್ತಿಗೇ ಕಣ್ಣು ಮುಚ್ಚುವ ಗಂಡುಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಹಾಗಾಗಿ ಅವಳಿಗೆ ಕೈತುಂಬ ಕೆಲಸವಿರುತ್ತಿತ್ತು.

"ಫೋಟೋ ಇಟ್ಟು ಹೋಗ್ರಿ. ಗುರುವಾರ ಬರ್ರಿ."

"ಫೋಟೋ ಅಲ್ರಿ."

ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿ ನಿಂತಿದ್ದ. ಕೈಯಲ್ಲಿ ಭರ್ಜಿ, ತಲೆಗೆ ರುಮಾಲು. ಮುಖ ಮಾತ್ರ ಬೋಳು.

ತನ್ನನ್ನು ಗೇಲಿ ಮಾಡಲು ಬಂದಿದ್ದಾನೆ ಅಂದುಕೊಂಡಳು ಚೌಡೇಶ್ವರಿ. ಮೀಸೆ ಬಂದ ಗಂಡಸು ಆಟದ ಸಾಮಾನು ಹಿಡಿದು ನಿಂತಿದ್ದರೆ ಇನ್ನೇನು ಅಂದುಕೊಳ್ಳಬೇಕು? ಹೊರಗೆ ಕಳಿಸಿಬಿಡೋಣವೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದಳು. ಅವನು ನಗುತ್ತಿರಲಿಲ್ಲ. ಕಾಯಿಲೆ ಬಿದ್ದ ಮಗುವನ್ನು ಡಾಕ್ಟರಿಗೆ ತೋರಿಸುವವನ ಹಾಗೆ ನಿಂತಿದ್ದ.

ಅವನ ಹೆಸರು ತಿಪ್ಪೇಶ್. ಬಣ್ಣದ ಅಂಗಡಿ ಪಂಚಾಕ್ಷರಪ್ಪನವರ ಒಬ್ಬನೇ ಮಗ. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಹಳೇ ವಿದೇಶಿ ಪತ್ರಿಕೆ ಅವನ ತಲೆ ಕೆಡಿಸಿತ್ತು. ಮೇಜಿನ ಮೇಲೆ ಪುಟ್ಟ ಸೈನ್ಯ ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುತ್ತಾರಂತೆ. ಸರಿ, ದುರ್ಗದವನಿಗೆ ಯುದ್ಧ ಹುಡುಕಿಕೊಂಡು ಹೋಗಬೇಕೇ? ಕೋಟೆಯ ಮುತ್ತಿಗೆಯನ್ನೇ ಆಡುವುದೆಂದು, ಹಳೇ ಲಾರಿ ಬ್ಯಾಟರಿಗಳ ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ಪಾಳೇಗಾರರ ಕಡೆಯವರನ್ನೂ ಮುತ್ತಿಗೆ ಹಾಕಿದವರನ್ನೂ ಮಾಡತೊಡಗಿದ್ದ.

"ಬಣ್ಣ ಇಲ್ದೋರು ಯುದ್ಧಕ್ಕೆ ಇಳಿಯಂಗಿಲ್ಲ ಕಣ್ರಿ. ಅದು ಈ ಆಟದ ಕಟ್ಟಳೆ. ಬಟ್ಟೆ ಬಣ್ಣ ನಾನೇ ಹಚ್ಚಿದೆ. ಕಣ್ಣು ಬಿಡಿಸೋಕೆ ಹೋದ್ರೆ ಎಲ್ಲರೂ ಕುಡಿದಂಗೆ ಕಾಣ್ತಾರೆ."

ಚೌಡೇಶ್ವರಿಗೆ ನಗು ಬಂತು. ಅದನ್ನು ಮರೆಮಾಡಲು ಸಿಪಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇನ್ನೂ ಎಷ್ಟು ಜನ ಅವ್ರೆ?"

"ಒಂದು ಚಪ್ಪಲಿ ಡಬ್ಬಿ ತುಂಬ."

"ಹಂಗಾದ್ರೆ ಇವನ ಕಣ್ಣು ಈಗ ಬೇಡ. ನಮ್ಮೂರಲ್ಲಿ ಮಾರಮ್ಮಂಗೆ ಬಣ್ಣ ಹಚ್ಚುವಾಗ ಎಲ್ಲಾ ಮುಗಿದ ಮೇಲೇ ಕಣ್ಣು ಬಿಡಿಸೋದು. ಕಣ್ಣು ಬಿಟ್ಲು ಅಂದ್ರೆ ಅಮ್ಮ ಎದ್ಲು ಅಂತ. ಉಳಿದೋರನ್ನೆಲ್ಲ ಮುಗಿಸಿ, ಕೊನೆಗೆ ಇವನಿಗೆ ಬಿಡಿಸಾಣ. ಇವನು ಎದ್ದ ದಿನ ನಿಮ್ಮ ಯುದ್ಧ."

ತಿಪ್ಪೇಶ್ ಆ ಸಿಪಾಯಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಹೃದಯದ ಕಡೆಯ ಜೇಬಿಗೆ... ಅದನ್ನು ಚೌಡೇಶ್ವರಿ ಗಮನಿಸಿದಳು, ಗಮನಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಅಲ್ಲಿಂದ ಶುರು. ಸೋಮವಾರ ಡಬ್ಬಿ ಬರುತ್ತಿತ್ತು, ಶನಿವಾರ ಹೋಗುತ್ತಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಬಣ್ಣ ಹಚ್ಚುವಳು, ದಾಸಣ್ಣ ಕುರ್ಚಿಯಲ್ಲೇ ಗೊರಕೆ ಹೊಡೆಯುವನು. ಅವಳಿಗೂ ತಿಪ್ಪೇಶನಿಗೂ ನಡುವೆ ಸದಾ ಒಂದು ಗಾಜಿನ ಕೌಂಟರ್ ಇರುತ್ತಿತ್ತು. ಪ್ರೀತಿ ಹುಟ್ಟಲು ಅಷ್ಟು ಜಾಗ ಸಾಕಾಯಿತು.

ಯುಗಾದಿ ಹತ್ತಿರ ಬಂದಾಗ ಒಂದು ಶನಿವಾರ ಅವನು ಹೇಳಿದ.

"ಕೊನೇ ಸಿಪಾಯಿಗೆ ಕಣ್ಣು ಬಿಡಿಸಿದ ದಿನ ನಿಮ್ಮೂರಿಗೆ ಬರ್ತೀನಿ. ನಿಮ್ಮ ಅವ್ವಂತಾವ ಒಂದು ಮಾತು ಕೇಳಾದೈತೆ."

ಅವಳ ಕೈಯಲ್ಲಿದ್ದ ಕುದುರೆಯ ಬಾಲದ ಬಣ್ಣ ಕಿವಿಗೆ ಬಿತ್ತು.

ಆವತ್ತಿನಿಂದ ಹುಡುಗಿ ಊಟ ಬಿಟ್ಟು ಬಣ್ಣ ಹಚ್ಚಿದಳು. ಬೇಗ ಮುಗಿಯಬೇಕಿತ್ತು. ಡಬ್ಬಿ ಖಾಲಿಯಾಗಬೇಕಿತ್ತು.

ಆದರೆ ಡಬ್ಬಿ ಖಾಲಿಯಾಗಲಿಲ್ಲ! ಒಂದು ಹೋದರೆ ಎರಡು ಬಂದವು. "ಆ ಕಡೆ ಸೈನ್ಯ ಕಮ್ಮಿ ಐತೆ" ಎಂದ. "ಆನೆ ಬೇಕಾಗ್ತವೆ" ಎಂದ. ಆನೆ ಬಂದ ಮೇಲೆ ಮಾವುತರು ಬಂದರು. ಆ ಬೇಸಿಗೆಯಲ್ಲಿ ಪೇಪರ್ ತುಂಬ ಕಾರ್ಗಿಲ್ ಸುದ್ದಿ. ಆ ನಿಜವಾದ ಯುದ್ಧ ಶುರುವಾಗಿ ಮುಗಿದೂ ಹೋಯಿತು, ತಿಪ್ಪೇಶನ ಸೈನ್ಯ ಮಾತ್ರ ಇನ್ನೂ ಬಟ್ಟೆ ಹಾಕಿಕೊಳ್ಳುತ್ತಲೇ ಇತ್ತು.

ಅಷ್ಟರಲ್ಲಿ ಹೊಸದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗುಮಾಸ್ತ, ಸೌಮ್ಯ ಸ್ವಭಾವದವನು. ಚೌಡೇಶ್ವರಿಯ ಅವ್ವ ನಿಂಗಕ್ಕ ಮಗಳ ತಲೆ ಬಾಚುತ್ತಾ ಕೇಳಿದಳು.

"ಅವರು ಉತ್ತರ ಕೇಳ್ತವ್ರೆ ಕಣವ್ವ. ನಿನ್ ಮನಸ್ನಾಗೆ ಏನೈತೆ?"

"ಒಂದು ವಾರ ತಡಿಯವ್ವ."

ಆ ವಾರ ಅವಳು ಕಣ್ಣು ಉರಿಯುವವರೆಗೆ ಕೂತು, ತನ್ನ ಹತ್ತಿರ ಇದ್ದ ಎಲ್ಲ ಡಬ್ಬಿ ಮುಗಿಸಿದಳು. ಶನಿವಾರಕ್ಕೆ ಕಾಯಲಿಲ್ಲ. ತಾನೇ ಡಬ್ಬಿ ಎತ್ತಿಕೊಂಡು ಬಣ್ಣದ ಅಂಗಡಿಗೆ ಹೋದಳು. *ಇವತ್ತು ಆ ಒಬ್ಬನ ಕಣ್ಣು ಬಿಡಿಸಿಬಿಡ್ತೀನಿ...*

ಗಲ್ಲಾದಲ್ಲಿ ಹಣೆ ತುಂಬ ವಿಭೂತಿಯ ಪಂಚಾಕ್ಷರಪ್ಪ ಕೂತಿದ್ದರು.

"ಬರ್ರಿ, ಕುಂತ್ಕಳ್ರಿ. ಗೊಂಬೆಗೆ ಬಣ್ಣ ಹಚ್ಚೋರು ನೀವೇನಾ? ಕೈ ಬಲು ಚೆನ್ನಾಗೈತೆ ಕಣಮ್ಮ. ಅವನು ಹಿಂದೆ ಗೋಡೌನ್‌ನಾಗವನೆ."

ಗೋಡೌನಿನ ಬಾಗಿಲಲ್ಲಿ ಅವಳ ಕಾಲು ನಿಂತುಹೋಯಿತು.

ತಿಪ್ಪೇಶ್ ಸೀಮೆಎಣ್ಣೆ ಸ್ಟೌವ್ ಮುಂದೆ ಕೂತು ಅಚ್ಚಿಗೆ ಸೀಸ ಹೊಯ್ಯುತ್ತಿದ್ದ. ಅವನ ಸುತ್ತ ಡಬ್ಬಿಗಳು, ಬಕೆಟ್‌ಗಳು, ಒಂದು ಗೋಣಿಚೀಲ. ಎಲ್ಲದರಲ್ಲೂ ಬಣ್ಣ ಕಾಣದ ಬೂದು ಸಿಪಾಯಿಗಳು. ಅವಳು ಆಯುಷ್ಯವಿಡೀ ಕೂತು ಹಚ್ಚಿದರೂ ಮುಗಿಯದಷ್ಟು.

"ಇದೇನಿದು?" ಎಂದಳು.

"ಇನ್ನೂ... ಇನ್ನೂ ಸ್ವಲ್ಪ ಬೇಕಾಗ್ತವೆ ಚೌಡಿ."

"ನಿಮಗೆ ಮುಗಿಸೋ ಮನಸ್ಸಿಲ್ಲ."

ಅವನು ತಲೆ ತಗ್ಗಿಸಿದ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಇಂಥ ಹೊತ್ತಿನಲ್ಲಿ ಗಂಡಸರ ಬಾಯಿಗೆ ಏನಾಗುತ್ತದೋ ನನಗಂತೂ ತಿಳಿಯದು.

*ನನ್ನನ್ನ ಬಣ್ಣ ಹಚ್ಚೋಕೆ ಇಟ್ಟುಕೊಂಡಿದ್ದ, ಅಷ್ಟೇ...* ಡಬ್ಬಿಯನ್ನು ನೆಲಕ್ಕಿಟ್ಟು ಹೊರಟುಹೋದಳು. ಸಂಜೆಯ ಬಸ್ಸಿಗೆ ತನ್ನೂರು ಹಿರೇಗುಂಟನೂರಿಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಅವ್ವನಿಗೆ ಹೇಳಿದಳು.

"ಹೊಸದುರ್ಗದೋರಿಗೆ ಆಗಲಿ ಅನ್ನು."

ಅವಳಿಗೆ ಗೊತ್ತಿಲ್ಲದ ಸಂಗತಿ ನಿಮಗೆ ಹೇಳಿಬಿಡುತ್ತೇನೆ. ಯುಗಾದಿಯ ಬೆಳಿಗ್ಗೆ, ಬೇವು-ಬೆಲ್ಲದ ತಟ್ಟೆ ಕೈಯಲ್ಲಿರುವಾಗಲೇ ತಿಪ್ಪೇಶ್ ಅಪ್ಪನನ್ನು ಕೇಳಿದ್ದ. ಪಂಚಾಕ್ಷರಪ್ಪ ಸಿಟ್ಟು ಮಾಡಲಿಲ್ಲ. "ಅವರ ಜನ ಬೇರೆ, ನಮ್ಮ ಜನ ಬೇರೆ. ಆಗಲ್ಲಪ್ಪ" ಎಂದು ಬೇವು ಅಗಿದರು, ಅಷ್ಟೇ. ಇನ್ನು ಬಣ್ಣ ಮುಗಿದ ದಿನ ತಿಪ್ಪೇಶ್ ಅವಳ ಮನೆಗೆ ಹೋಗಿ ಹೇಳಬೇಕಾದದ್ದು ಅದನ್ನೇ. ಎದುರು ನಿಲ್ಲುವ ಎದೆ ಅವನಿಗಿರಲಿಲ್ಲ, ಅವಳನ್ನು ಬಿಡುವ ಎದೆಯೂ ಇರಲಿಲ್ಲ. ಅದಕ್ಕೇ ಮುಗಿಯದಿರಲಿ ಎಂದು ಹೊಯ್ಯುತ್ತಲೇ ಹೋದ. ಅವಳು ಅವನನ್ನು ಸೇರಲು ಅವಸರ ಮಾಡಿದಷ್ಟೂ ಅವನು ಅವಳನ್ನು ಕಳೆದುಕೊಳ್ಳಲು ತಡ ಮಾಡಿದ್ದ!

ವೀಳ್ಯಶಾಸ್ತ್ರದ ಹಿಂದಿನ ದಿನ. ಅಂಗಳ ಸಾರಿಸಿದ್ದರು. ಚೌಡೇಶ್ವರಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಳು ಮುಗಿದುಹೋಗಿತ್ತು. ಮುಗಿದ ಮೇಲೆ ಒಂದು ಖಾಲಿತನ ಉಳಿಯುತ್ತದಲ್ಲ, ಅದರಲ್ಲಿ ಇದ್ದಳು.

ಬಾಗಿಲಲ್ಲಿ ತಿಪ್ಪೇಶ್ ನಿಂತಿದ್ದ. ಬಗಲಲ್ಲಿ ಒಂದು ಚೀಲ. ಎಡಗೈಯ ಸುಟ್ಟ ಗಾಯಕ್ಕೆ ಬಟ್ಟೆ ಸುತ್ತಿತ್ತು.

ಮಗಳ ಮುಖ ನೋಡಿಯೇ ನಿಂಗಕ್ಕನಿಗೆ ಅವನು ಯಾರೆಂದು ತಿಳಿಯಿತು.

ಅವನು ಚೀಲದಿಂದ ಒಂದು ದೊಡ್ಡ ಸೀಸದ ಗಟ್ಟಿ ತೆಗೆದು ಹೊಸ್ತಿಲ ಹೊರಗಿಟ್ಟ.

"ಬಣ್ಣ ಇಲ್ದೋರನ್ನೆಲ್ಲ ಕರಗಿಸಿಬಿಟ್ಟೆ ಚೌಡಿ. ಅಪ್ಪಾಜಿ ಎದುರಿಗೇ. ನೀನು ಬಣ್ಣ ಹಚ್ಚಿದೋರನ್ನ ಮುಟ್ಟಲಿಲ್ಲ. ಬಾಕಿ ಈಗ ಒಬ್ಬನೇ."

ಜೇಬಿನಿಂದ ಆ ಮೊದಲನೆಯವನನ್ನು ತೆಗೆದ. ಬೆವರಿಗೆ ರುಮಾಲಿನ ಬಣ್ಣ ಅಲ್ಲಲ್ಲಿ ಹೋಗಿತ್ತು.

ಆಮೇಲೆ ಯುಗಾದಿಯದನ್ನೆಲ್ಲ ಹೇಳಿದ. ಚೌಡೇಶ್ವರಿ ಕೇಳಿಸಿಕೊಂಡಳು. ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ ಮೊರ ಎತ್ತಿ ಅವನ ಮೇಲೆ ಸುರಿಯಬೇಕು ಅನ್ನಿಸಿತು.

"ಆವತ್ತೇ ಹೇಳಿದ್ರೆ ಇಬ್ಬರೂ ಕೂತು ಅಳ್ತಿದ್ವಿ. ಒಬ್ಬಳೇ ಅಳೋಹಂಗೆ ಮಾಡಿದ್ರಿ."

"ಹೌದು."

"ಈಗೇನು, ಒಪ್ಪಿದ್ರಾ ನಿಮ್ಮ ಅಪ್ಪಾಜಿ?" ನಿಂಗಕ್ಕ ಕೇಳಿದಳು.

"ಇಲ್ಲಮ್ಮ. ಒಪ್ಪಲ್ಲ. ಅಂಗಡಿ ಬೀಗದ ಕೈ ಕೊಟ್ಟು ಬಂದೆ."

"ಇರಾಕೆ ಮನೆ?"

"ಇಲ್ಲಮ್ಮ."

"ನಾಳೆ ಆ ಜನ ಬರ್ತಾರಪ್ಪ. ಅವರ ಮುಂದೆ ನಾನು ಯಾವ ಮುಖ ಇಟ್ಕಂಡು ನಿಲ್ಲಲಿ?"

ತಪ್ಪು ಮಾಡದ ಆ ಹೊಸದುರ್ಗದ ಹುಡುಗನಿಗೆ ಅವಮಾನವಾಗುತ್ತದೆ. ಅವ್ವ ಬೀದಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಪಂಚಾಕ್ಷರಪ್ಪನವರ ಬಾಗಿಲು ತೆರೆಯುವುದಿಲ್ಲ. ಇದರಿಂದ ಒಳ್ಳೆಯದಾಗುತ್ತದೆ ಎಂದು ಆ ಅಂಗಳದಲ್ಲಿ ನಿಂತ ಯಾರಿಗೂ ಅನ್ನಿಸಲಿಲ್ಲ.

ಚೌಡೇಶ್ವರಿ ಎದ್ದು ಒಳಗೆ ಹೋದಳು. ನಾಳೆಗೆಂದು ತಂದಿಟ್ಟ ಕಾಡಿಗೆ ಡಬ್ಬಿ, ಪೊರಕೆಯಿಂದ ಮುರಿದ ಒಂದು ಕಡ್ಡಿ ತಂದಳು. ಹೊಸ್ತಿಲ ಮೇಲೆ ಕೂತು ಕೈ ಚಾಚಿದಳು.

"ಕೊಡಿ ಇಲ್ಲಿ."

ಎಡಗಣ್ಣು ಬಿಡಿಸಿದಳು. ಬಲಗಣ್ಣಿಗೆ ಕಡ್ಡಿ ಇಟ್ಟಳು. ದುರ್ಗದಲ್ಲೆಲ್ಲ ಹೆಸರಾದ ಕೈ, ಆ ಒಂದು ಚುಕ್ಕಿಗೆ ಸೋತುಹೋಯಿತು.

"ಸೊಟ್ಟ ಆಯ್ತು" ಎಂದಳು.

"ಇರಲಿ ಬಿಡು."

"ಈಗ ಕೇಳಿ. ಕೇಳಾದೈತೆ ಅಂದಿದ್ರಲ್ಲ."

"ಆಗಲ್ಲ ಅಂತ ಗೊತ್ತಿದ್ರೂ ಕೇಳ್ಲಾ?"

"ಗೊತ್ತಿದ್ರೂ ಕೇಳಿ."

ತಿಪ್ಪೇಶ್ ನಿಂಗಕ್ಕನ ಕಡೆ ತಿರುಗಿ ಕೈ ಜೋಡಿಸಿದ. ನಿಂಗಕ್ಕ ಅವನ ಸುಟ್ಟ ಕೈಯನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಳಗೆ ಬಾರಪ್ಪ. ಬಾಗಿಲಾಗೆ ನಿಂತು ಕೇಳೋ ಮಾತಲ್ಲ ಅದು."

ಅವಳು ಒಲೆಯ ಕಡೆ ಹೋದಳು. ಹೊಸ್ತಿಲಲ್ಲಿ ಇಬ್ಬರೇ ಉಳಿದರು.

"ಹೆದರಿಕೆ ಆಗ್ತೈತೆ ಚೌಡಿ."

"ನನಗೂ." ಅವಳು ಸಿಪಾಯಿಯನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮಡಿಸಿದ ಮೇಲೂ ಕೈ ತೆಗೆಯಲಿಲ್ಲ. "ಕಾಡಿಗೆ ಹಸಿ ಐತೆ. ಒರೆಸಬೇಡ."