ಮುನ್ನೂರ ಹನ್ನೆರಡು ಗುಂಡಿಗಳು

2022ರ ಮೇ 16, ಸೋಮವಾರ. ಬೆಳಗ್ಗೆ ಒಂಬತ್ತು ಹತ್ತಕ್ಕೆ ತಿಝಿ ಊಮಾನ್ ಠಾಣೆಯ ಮುಂದೆ ಹಳೆಯ ಟ್ಯಾಕ್ಸಿಯೊಂದು ನಿಂತಿತು. ಇಳಿದವರು ಐತ್ ಉಗ್ಮಾರ್ ಹಳ್ಳಿಯ ಶಾಲೆಯ ಟೀಚರ್ ನೆಝಾ ತಲ್ಬಿ. ವಯಸ್ಸು ಮೂವತ್ತೊಂದು, ಹುಟ್ಟೂರು ದೂರದ ಫೆಸ್ ನಗರ, ಈ ಬೆಟ್ಟಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಶೂಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು, ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

ಇನ್‌ಸ್ಪೆಕ್ಟರ್ ಬಾಸ್ಸು ಕುರ್ಚಿ ತೋರಿಸಿದರು.

“ಏನು ಕಳುವಾಗಿದೆ?”

“ಸಸಿಗಳು.”

“ಎಷ್ಟು?”

“ಮುನ್ನೂರ ಹನ್ನೆರಡು. ಅಷ್ಟೂ.”

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಶರ್ಕಾವಿ ಪೆನ್ನು ಕೆಳಗಿಟ್ಟ. ಸಮುದ್ರದ ಕಡೆಯವನು, ದಪ್ಪ ಹೊಟ್ಟೆಯವನು, ಬೆಟ್ಟ ಹತ್ತುವ ಕೇಸೆಂದರೆ ಅವನಿಗೆ ಆಗುತ್ತಿರಲಿಲ್ಲ. “ಮೇಕೆ ತಿಂದಿರುತ್ತೆ ಬಿಡಿ ಮೇಡಂ.”

“ಮೇಕೆ ಬೋರ್ಡಿನ ಮೊಳೆ ಕಿತ್ತು ಡಬ್ಬೀಲಿ ಹಾಕಿಡುತ್ತಾ?” ಎಂದರು ನೆಝಾ.

ಶರ್ಕಾವಿ ಮತ್ತೆ ಪೆನ್ನು ಹಿಡಿದ.

ದೂರಿನ ಸಾರಾಂಶ ಇಷ್ಟು. ಬಾಟಲಿ ನೀರು ಮಾರುವ ಕಂಪನಿಯೊಂದು ತನ್ನ ಲಾಭದಲ್ಲಿ ಸ್ವಲ್ಪ ಭಾಗವನ್ನು ಬೆಟ್ಟ ಕಾಯುವ ಊರುಗಳಿಗೆ, ಮಕ್ಕಳನ್ನು ಬಯಲಿಗೆ ಕರೆದೊಯ್ದು ಗಿಡಮರಗಳ ಪಾಠ ಹೇಳುವ ಶಾಲೆಗಳಿಗೆ ಅನುದಾನವಾಗಿ ಕೊಡುತ್ತಿತ್ತು. ನೆಝಾ ಸತತ ಮೂರು ವರ್ಷ ಅರ್ಜಿ ಹಾಕಿ ಈ ವರ್ಷ ಅದನ್ನು ಪಡೆದಿದ್ದರು. ನಿಸರ್ಗ ಬಳಗದಲ್ಲಿ ಹತ್ತೊಂಬತ್ತು ಮಕ್ಕಳು. ಅವರಲ್ಲಿ ಹನ್ನೊಂದು ಹುಡುಗಿಯರು, ಆರನೇ ತರಗತಿಗೆ ಶಾಲೆ ಬಿಡಬೇಕಾಗಿದ್ದವರು. ಅನುದಾನದಿಂದ ಬಂದ ವ್ಯಾನು ಅವರನ್ನು ಕೆಳಗಿನ ಊರಿನ ದೊಡ್ಡ ಶಾಲೆಗೂ ಮುಟ್ಟಿಸುತ್ತಿತ್ತು. ಮೇ 7ರ ಶನಿವಾರ ಕಂಪನಿಯವರ ಸಮ್ಮುಖದಲ್ಲಿ ಮಕ್ಕಳು ಹಳ್ಳಿಯ ಮೇಲಿನ ಹುಲ್ಲುಗಾವಲಿನಲ್ಲಿ ಸಸಿ ನೆಟ್ಟಿದ್ದರು. ಭಾನುವಾರ, 15ರ ಸಂಜೆ, ಟ್ಯಾಂಕರಿನೊಂದಿಗೆ ನೀರು ಹಾಕಲು ಹೋದಾಗ ಒಂದೂ ಇರಲಿಲ್ಲ. ಗುರುವಾರ ಕಂಪನಿಯ ತಪಾಸಣೆ ಇತ್ತು. ಸಸಿ ಇದ್ದರೆ ಇನ್ನೆರಡು ವರ್ಷ ಅನುದಾನ, ಇಲ್ಲದಿದ್ದರೆ ಬಳಗವೂ ಇಲ್ಲ, ವ್ಯಾನೂ ಇಲ್ಲ.

“ಗುರುವಾರದೊಳಗೆ ಹುಡುಕಿಕೊಡ್ತೀರಾ?”

“ನೋಡೋಣ,” ಎಂದರು ಬಾಸ್ಸು. ಎಫ್‌ಐಆರ್ ದಾಖಲಾಯಿತು. ಒಂದು ಪ್ರತಿ ಆಗಲೇ ಮೇಲಧಿಕಾರಿಗಳ ಕಚೇರಿಗೆ ಹೋಯಿತು.

ಬೆಳಗ್ಗೆ 11.30. ಟ್ಯಾಂಕರ್ ಚಾಲಕನನ್ನೂ ಶಾಲೆಯ ಕಾವಲುಗಾರನನ್ನೂ ಪಂಚರನ್ನಾಗಿ ಮಾಡಿಕೊಂಡು ಸ್ಥಳದ ಪಂಚನಾಮೆ ಶುರುವಾಯಿತು. ಶರ್ಕಾವಿ ಏದುಸಿರು ಬಿಡುತ್ತ ಎಣಿಸಿದ. ಮುನ್ನೂರ ಹನ್ನೆರಡು ಗುಂಡಿ. ಪ್ರತಿಯೊಂದನ್ನೂ ಮಣ್ಣಿನಿಂದ ತುಂಬಿ, ಮೇಲೆ ತುಳಿದು ಸಮ ಮಾಡಲಾಗಿತ್ತು. ಕಂಪನಿಯ ಹೆಸರಿನ ಬೋರ್ಡು ಕಲ್ಲಿನ ಮೇಲೆ ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ಸಾರ್ಡೀನ್ ಡಬ್ಬಿ, ಅದರೊಳಗೆ ಎಂಟು ಮೊಳೆ.

“ಇದೆಂಥ ಕಳ್ಳ ಸಾಹೇಬ್ರೆ? ಗುಂಡಿ ಮುಚ್ಚೋಕೆ ಕೂಲಿ ಕೊಟ್ರೂ ನಾನು ಇಷ್ಟು ನೀಟಾಗಿ ಮುಚ್ಚಲ್ಲ.”

“ಕುರಿ ಕಾಲು ಸಿಕ್ಕಿ ಮುರೀಬಾರ್ದು ಅಂತ ಮುಚ್ಚಿದಾನೆ. ಹೆಜ್ಜೆ ನೋಡು.”

ಒಂದು ಕತ್ತೆ, ಒಬ್ಬ ಮನುಷ್ಯ. ಎರಡೂ ಹೆಜ್ಜೆಗಳು ಅಂದು ಮಕ್ಕಳು, ಕಾರುಗಳು ತುಳಿದು ಮಾಡಿದ ದಾರಿಯಲ್ಲೇ ಹೋಗಿ ಅಲ್ಲೇ ಹಿಂದಿರುಗಿದ್ದವು. ಅಂಚಿನ ಹಸಿರು ಹುಲ್ಲಿನ ಮೇಲೆ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಹುಲ್ಲುಗಾವಲಿನ ಬಾಯಿಗೆ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಹೊಸದಾಗಿ ಸುಣ್ಣ ಬಳಿಯಲಾಗಿತ್ತು.

ಆ ಕಲ್ಲುಗಳ ಮುಂದೆ ಬಾಸ್ಸು ತುಂಬ ಹೊತ್ತು ನಿಂತರು. ಅವರೂ ಇಂಥ ಬೆಟ್ಟದಲ್ಲೇ ಬೆಳೆದವರು.

“ಈ ಕಲ್ಲು ಗಡಿಯ ಗುರುತು. ಇದು ಅಗ್ದಾಲ್ ಕಣೋ ಶರ್ಕಾವಿ. ಮಾರ್ಚ್ ಕೊನೆಯಿಂದ ಜುಲೈ ನಡುವಿನ ತನಕ ಮುಚ್ಚಿರೋ ಹುಲ್ಲುಗಾವಲು. ಹೂ ಬಿಟ್ಟು ಬೀಜ ಉದುರೋ ತನಕ ಮನುಷ್ಯರೂ ಕಾಲಿಡಂಗಿಲ್ಲ, ಕುರೀನೂ ಕಾಲಿಡಂಗಿಲ್ಲ. ಅದಕ್ಕೇ ವಾರವಿಡೀ ಯಾರ ಕಣ್ಣಿಗೂ ಬಿದ್ದಿಲ್ಲ.”

“ಹಂಗಿದ್ರೆ ಏಳನೇ ತಾರೀಕು ಅಷ್ಟೊಂದು ಜನ ಹೆಂಗೆ ಬಂದ್ರು?”

“ನಾನೂ ಅದನ್ನೇ ಕೇಳಬೇಕು ಅಂತಿದೀನಿ.”

ಮಧ್ಯಾಹ್ನ 3ಕ್ಕೆ ಊರಸಭೆಯ ಹಿರಿಯ ಬೆನ್ನಾಸರ್‌ನ ಮನೆ. ಪುದೀನ ಚಹಾ ಬಂತು. ಅವನ ತಲೆಯ ಮೇಲೆ ಕಂಪನಿಯ ನೀಲಿ ಟೋಪಿ ಇತ್ತು.

“ಮುಚ್ಚಿದ ತಿಂಗಳಲ್ಲಿ ಒಳಗೆ ಬಿಟ್ಟವರು ಯಾರು?”

“ಸಭೆ ಒಪ್ತು ಸಾಹೇಬ. ಕಂಪನಿಯೋರ ವರ್ಷ ಜೂನ್‌ಗೆ ಮುಗಿಯುತ್ತಂತೆ. ಆಮೇಲೆ ದುಡ್ಡು ವಾಪಸ್ ಹೋಗುತ್ತೆ ಅಂದ್ರು. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ…”

“ಈ ವರ್ಷ ಹುಲ್ಲಿನ ಕಾವಲಿಗೆ ಯಾರನ್ನ ಆರಿಸಿದ್ರಿ?”

ಬೆನ್ನಾಸರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. “ಯಾರನ್ನೂ ಇಲ್ಲ. ಕಂಪನಿಯೋರೇ ಯೂನಿಫಾರ್ಮ್ ಕೊಟ್ಟು ಒಬ್ಬನ್ನ ಇಡ್ತೀವಿ ಅಂದಿದ್ರು.”

“ಹೋದ ವರ್ಷ?”

“ಅಸ್ಸೂ. ಅದಕ್ಕೂ ಹಿಂದಿನ ಇಪ್ಪತ್ತೊಂದು ವರ್ಷ ಅವನೇ.”

“ಈ ಸಲ ನೀನು ಬೇಡ ಅಂತ ಅವನಿಗೆ ಹೇಳಿದ್ರಾ?”

“ಊರಿಗೆಲ್ಲ ಗೊತ್ತಲ್ಲ.”

“ಅವನ ಮನೆಗೆ ಹೋಗಿ, ಚಹಾ ಕುಡಿದು, ಕಾವಲಿನ ಕೋಲು ವಾಪಸ್ ಇಸ್ಕೊಂಡ್ರಾ?”

ಇಲ್ಲ. ಯಾರೂ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಕಾದವನ ಮುಂದೆ ಆ ಮಾತು ಆಡಲು ಎಲ್ಲರಿಗೂ ನಾಚಿಕೆ. ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ಒಬ್ಬೊಬ್ಬರೂ ಸುಮ್ಮನಿದ್ದರು. ಕೋಲು ಕೈಯಲ್ಲಿರುವ ತನಕ ಅವನೇ ಕಾವಲುಗಾರ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

“ಅವನೇನಾದ್ರೂ ನಿಮ್ಮ ಹತ್ರ ಬಂದಿದ್ನಾ?”

“ಹತ್ತನೇ ತಾರೀಕು ಮಸೀದಿ ಬಾಗಿಲಲ್ಲಿ ಸಿಕ್ಕಿದ್ದ. ‘ಒತ್ತೆ ನನ್ನ ಹತ್ರ ಇದೆ’ ಅಂದ. ಯಾವ್ದೋ ಮಗೂದು ಶೂನೋ ಕೋಟೋ ಇರ್ಬೇಕು ಅನ್ಕೊಂಡೆ. ನಕ್ಕು, ಅವನಿಗೂ ಒಂದು ಟೋಪಿ ಕೊಟ್ಟೆ.”

“ತಗೊಂಡ್ನಾ?”

“ಇಲ್ಲ.”

ಹೊರಗೆ ಬಂದ ಮೇಲೆ ಶರ್ಕಾವಿ ಕೇಳಿದ, “ಒತ್ತೆ ಅಂದ್ರೇನು ಸಾಹೇಬ್ರೆ?”

“ಮುಚ್ಚಿದಾಗ ಒಳಗೆ ನುಗ್ಗಿದವರ ಒಂದು ವಸ್ತು ಕಾವಲುಗಾರ ಹಿಡ್ಕೋತಾನೆ. ತಪ್ಪು ಮಾಡಿದವರು ಅವನ ಬಾಗಿಲಿಗೆ ತಾವೇ ಬಂದು ಬಾಯಿಬಿಟ್ಟು ಕೇಳಬೇಕು. ಸಭೆಗೆ ದಂಡದ ಊಟ ಹಾಕ್ಬೇಕು. ಆಗ ವಸ್ತು ವಾಪಸ್.”

“ಅಂದ್ರೆ ಇದು ಕಳ್ಳತನ ಅಲ್ವಾ?”

“ಎಫ್‌ಐಆರ್‌ನಲ್ಲಿ ಕಳ್ಳತನ ಅಂತಲೇ ಬರೆದಿದೀವಿ,” ಎಂದು ಬಾಸ್ಸು ಜೀಪು ಹತ್ತಿದರು.

ಮೇ 17, ಮಂಗಳವಾರ, ಬೆಳಗ್ಗೆ 11. ಅಸ್ಸೂವಿನ ಪಕ್ಕದ ಮನೆಯ ಮುದುಕಿ ಇಝ್ಝಾ ಹೇಳಿಕೆ ಕೊಟ್ಟಳು.

“ಎಂಟನೇ ತಾರೀಕಿಂದ ಮೂರು ದಿನ ಕತ್ತೆ ಮೇಲೆ ಏನೋ ಹೊತ್ಕೊಂಡು ಬಂದ. ನನ್ನ ಹತ್ರ ಇದ್ದ ಹಳೇ ಗೋಣಿಚೀಲ ಎಲ್ಲ ಇಸ್ಕೊಂಡ. ದಿನಾ ಎರಡು ಸಲ ಬುಗ್ಗೆಯಿಂದ ನೀರು. ಮೇಕೆಗಳನ್ನ ಕೊಟ್ಟಿಗೆಯಿಂದ ತೆಗೆದು ತಾನು ಮಲಗೋ ಕೋಣೇಲಿ ಕಟ್ಟಿದಾನೆ, ಕೇಳ್ತೀರಾ? ‘ಮದುವೆ ಮಾಡ್ಕೋ ಮುದುಕಾ, ಮೇಕೆಗಿಂತ ವಾಸಿ’ ಅಂದೆ. ನಗಲೇ ಇಲ್ಲ.”

ಅಸ್ಸೂವಿನ ಬಾಗಿಲು ತೆರೆದೇ ಇತ್ತು. ಎಪ್ಪತ್ತೆರಡರ ಒಣಕಲು ಮನುಷ್ಯ. ಯೂನಿಫಾರ್ಮ್ ನೋಡಿ ಎದ್ದು ನಿಂತ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಲ್ಲಿದ್ದದ್ದು ಸಮಾಧಾನ, ಬಾಸ್ಸುವಿಗೆ ಅದನ್ನು ನೋಡುವುದೇ ಕಷ್ಟವಾಯಿತು.

“ಬಂದ್ರಾ? ಒಂಬತ್ತು ದಿನ ಆಯ್ತಲ್ಲಪ್ಪ ಕಾದು ಕಾದು. ಸಭೆಯೋರು ಕಳಿಸಿದ್ರಾ?”

“ಇಲ್ಲ, ದಾ ಅಸ್ಸೂ.” ಬೆಟ್ಟದಲ್ಲಿ ಅಣ್ಣನ ಸ್ಥಾನದ ಹಿರಿಯರನ್ನು ಕರೆಯುವಂತೆಯೇ ಬಾಸ್ಸು ಕರೆದರು. “ದೂರು ಬಂದಿದೆ. ಸಸಿ ಎಲ್ಲಿ?”

“ಬನ್ನಿ, ನೋಡಿ. ಒಂದೂ ಎಸೆದಿಲ್ಲ.”

ಕೊಟ್ಟಿಗೆಯ ನೆರಳಿನಲ್ಲಿ ಸಸಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಬೇರಿಗೂ ಮಣ್ಣಿನ ಹೆಂಟೆ, ಸುತ್ತ ಒದ್ದೆ ಗೋಣಿಚೂರು. ಮಕ್ಕಳು ಕಟ್ಟಿದ್ದ ಹೆಸರಿನ ಚೀಟಿಗಳನ್ನು ನೀರು ತಾಗದಂತೆ ಮೇಲಕ್ಕೆತ್ತಿ ಕಟ್ಟಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಬಹುಪಾಲು ಸಸಿಗಳು ಕಂದು ಬಣ್ಣಕ್ಕೆ ತಿರುಗಿದ್ದವು.

ವಸ್ತು ಗುರುತಿಸಲು ನೆಝಾರನ್ನು ಕರೆಸಲಾಯಿತು. ಅವರು ಮಂಡಿಯೂರಿ ಒಂದೊಂದನ್ನೇ ಮುಟ್ಟಿ ನೋಡಿದರು. ಜೀವ ಇದ್ದದ್ದು ನಲವತ್ತೊಂದಕ್ಕೆ.

“ಒಂದು ಮಾತು ಹೇಳಬಾರದಿತ್ತಾ ನಂಗೆ?” ಅವರ ದನಿ ಏರಿತು. “ಮಕ್ಕಳು ಏನು ಮಾಡಿದ್ರು ನಿಮಗೆ?”

“ಮಕ್ಕಳ ಮೇಲೆ ನಂಗೇನಮ್ಮಾ ಸಿಟ್ಟು? ನೀನು ಕೇಳೋಕೆ ಬರ್ಲಿಲ್ಲ.”

“ಕೇಳಬೇಕು ಅಂತಲೇ ಗೊತ್ತಿರಲಿಲ್ಲ ನಂಗೆ!”

“ಎಲ್ಲರಿಗೂ ಗೊತ್ತು.”

“ನಂಗೆ ಯಾರೂ ಹೇಳಿಲ್ಲ.”

ಅಸ್ಸೂ ಬಾಗಿಲ ಕಡೆ ನೋಡಿದ. ಅಲ್ಲಿ ಬೆನ್ನಾಸರ್ ನಿಂತಿದ್ದ, ಬರಿತಲೆಯಲ್ಲಿ. ಅವನು ನೆಲ ನೋಡಿದ. ನಾಲ್ಕು ವರ್ಷ ಊರಿನ ಮಕ್ಕಳಿಗೆ ಪಾಠ ಹೇಳಿದ ಹೆಣ್ಣುಮಗಳಿಗೆ ಊರಿನ ಈ ಒಂದು ಪಾಠವನ್ನು ಯಾರೂ ಹೇಳಿರಲಿಲ್ಲ. ಮುದುಕ ಅದನ್ನು ಅರ್ಥಮಾಡಿಕೊಂಡಿದ್ದು ಆ ಗಳಿಗೆಯಲ್ಲೇ. ಬಾಗಿ, ಸೊರಗಿದ ಸಸಿಯೊಂದರ ಗೋಣಿಚೂರನ್ನು ಸರಿಯಾಗಿ ಸುತ್ತಿದ.

ನೆಝಾ ಹೊರಗೆ ಹೋಗಿ ಬಾಸ್ಸುವಿಗೆ ಹೇಳಿದರು, “ದೂರು ವಾಪಸ್ ತಗೋತೀನಿ.”

ಬಾಸ್ಸು 3.05ಕ್ಕೆ ಸರ್ಕಾರಿ ವಕೀಲರಿಗೆ ಫೋನ್ ಮಾಡಿದರು. ದೂರು ಹಿಂತೆಗೆದರೂ ವಸ್ತು ಸಿಕ್ಕಿದೆ, ಆರೋಪಿ ಒಪ್ಪಿಕೊಂಡಿದ್ದಾನೆ, ಹಾಜರುಪಡಿಸಿ ಎಂದು ಆದೇಶ ಬಂತು. 3.40ಕ್ಕೆ ನೆಝಾರ ಫೋನು ಹೊಡೆದುಕೊಂಡಿತು. ಕಂಪನಿಯಿಂದ. ಕೇಸಿನ ಸುದ್ದಿ ಅವರಿಗೂ ಮುಟ್ಟಿತ್ತು. ಪೊಲೀಸ್ ಕೇಸು ಇರುವ ಕಡೆ ತಮ್ಮ ಹೆಸರು ಬೇಡ, ಗುರುವಾರ ಬರುವುದಿಲ್ಲ, ಅನುದಾನ ಬೇರೆ ಕಣಿವೆಗೆ ಹೋಗುತ್ತದೆ ಎಂದು ತುಂಬ ಮರ್ಯಾದೆಯಿಂದ ಹೇಳಿದರು. ನೆಝಾ ಫೋನನ್ನು ಕೈಯಲ್ಲೇ ಹಿಡಿದು ಜಗುಲಿಯ ಮೇಲೆ ಕುಳಿತುಬಿಟ್ಟರು. ಹನ್ನೊಂದು ಹುಡುಗಿಯರ ಮನೆಗೆ ಹೋಗಿ ವ್ಯಾನು ಇನ್ನು ಬರುವುದಿಲ್ಲ ಎಂದು ಹೇಳಬೇಕಾದವರು ಅವರೇ.

ಒಳಗೆ ಬಾಸ್ಸು ಹೇಳಿಕೆ ಪಡೆಯುತ್ತಿದ್ದರು, ಶರ್ಕಾವಿ ಬರೆದುಕೊಳ್ಳುತ್ತಿದ್ದ. ಮೇಕೆಗಳ ನಡುವೆ ಗೋಡೆಯ ಮೇಲೆ ಒಂದು ಕುಡುಗೋಲು ತೂಗಾಡುತ್ತಿತ್ತು. ಅಲಗು ತುಕ್ಕು ಹಿಡಿದಿತ್ತು, ಮರದ ಹಿಡಿ ಮಾತ್ರ ಎಣ್ಣೆ ಹಚ್ಚಿ ಒರೆಸಿದಂತೆ ಹೊಳೆಯುತ್ತಿತ್ತು.

“ಇದು?”

“ಅದೂ ಒತ್ತೆ,” ಎಂದ ಅಸ್ಸೂ.

“ಯಾರದು?”

“ತೂದಾಂದು. ನನ್ನ ಹೆಂಡ್ತೀದು.”

ಶರ್ಕಾವಿ ಬರೆಯುವುದನ್ನು ನಿಲ್ಲಿಸಿದ.

“ಮಳೆ ಬರದ ವರ್ಷ. ಹಸು ಸತ್ತೋಗಿತ್ತು, ಕರು ಉಳಿದಿತ್ತು. ಮುಚ್ಚಿದ ತಿಂಗಳಲ್ಲಿ ಹೋಗಿ ಒಂದು ಹೊರೆ ಹುಲ್ಲು ಕುಯ್ದಿದ್ಲು. ಇಝ್ಝಾನೂ ನೋಡಿದ್ಲು, ಇನ್ನಿಬ್ಬರೂ ನೋಡಿದ್ರು. ಹೆಂಡ್ತಿ ಅಂತ ಬಿಟ್ರೆ ಊರು ಏನನ್ನುತ್ತೆ? ಎಲ್ಲರ ಮುಂದೆ ಕೈಯಿಂದ ಕಿತ್ಕೊಂಡೆ. ದಂಡದ ಊಟ ನಾನೇ ಹಾಕ್ದೆ. ಮನೇಲಿ ಬೇರೇನಿತ್ತು? ಆ ಕರೂನೇ ಕಡಿದು ಹಾಕ್ದೆ.”

“ಕುಡುಗೋಲು ವಾಪಸ್ ಕೊಡಲಿಲ್ವಾ?”

“ಅವಳು ಕೇಳಲಿಲ್ಲ. ಏಳು ವರ್ಷ ಇದೇ ಗೋಡೆ ಕೆಳಗೆ ರೊಟ್ಟಿ ಸುಟ್ಲು. ಹುಲ್ಲಿಗೆ ಹೋಗುವಾಗೆಲ್ಲ ಇಝ್ಝಾನ ಕುಡುಗೋಲು ಇಸ್ಕೊಂಡು ಹೋಗೋಳು. ನಾನು ದಿನಾ ಹಿಡಿ ಒರೆಸಿ ಇಡ್ತಿದ್ದೆ. ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಹೋಗ್ಬಿಟ್ಲು.”

ಕುಡುಗೋಲಿನ ಹಿಡಿಯನ್ನು ತೋಳಿನಿಂದ ಒರೆಸಿ ಮುಂದುವರಿಸಿದ. “ಆವತ್ತು ಮೂರು ಕಾರು ಒಳಗೆ ಬಂದ್ವು ಸಾಹೇಬ. ಹೂವಿನ ಮೇಲೇ ನಿಂತ್ವು. ಸಭೆಯೋರು ಟೋಪಿ ಹಾಕ್ಕೊಂಡು ಫೋಟೋಗೆ ನಿಂತ್ರು. ಅಷ್ಟು ಸಲೀಸಾಗಿ ಬಿಡೋದೇ ಆಗಿದ್ರೆ, ನಾನು ಅವಳ ಕೈಯಿಂದ ಅದನ್ನ ಯಾಕೆ ಕಿತ್ಕೋಬೇಕಿತ್ತು?”

ಈ ಪ್ರಶ್ನೆಗೆ ಠಾಣೆಯ ಯಾವ ಕಾಗದದಲ್ಲೂ ಜಾಗ ಇರಲಿಲ್ಲ.

ಸಂಜೆ 4.20ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಅಸ್ಸೂ ಹೊಸ್ತಿಲು ದಾಟುವಾಗ ನೆಝಾ ಎದುರು ಬಂದು ನಿಂತರು. ಇಝ್ಝಾ ಅವರ ಕಿವಿಯಲ್ಲಿ ಏನೋ ಹೇಳಿಕೊಟ್ಟಿದ್ದಳು. ಅತ್ತ ಕಣ್ಣನ್ನು ಒರೆಸಿಕೊಂಡು ನೆಝಾ ಗಟ್ಟಿಯಾಗಿ ಹೇಳಿದರು:

“ದಾ ಅಸ್ಸೂ, ಮುಚ್ಚಿದ ಗಡಿ ನಾನು ದಾಟ್ದೆ. ಊಟ ನಾನು ಹಾಕ್ತೀನಿ. ನನ್ನ ಒತ್ತೆ ನಂಗೆ ಕೊಡಿ.”

ಮುದುಕ ತಲೆ ಎತ್ತಿದ. “ತಗೋ ತಾಯಿ. ನಿಂದೇ. ಉಳಿದಿರೋದನ್ನ ಈಗ ನೆಡಬೇಡ, ನವೆಂಬರ್‌ನಲ್ಲಿ ನೆಡು. ಅಲ್ಲೀವರೆಗೂ ನೆರಳಲ್ಲಿಡು.” ಕಾವಲಿನ ಕೋಲನ್ನು ಬೆನ್ನಾಸರ್‌ಗೆ ಚಾಚಿದ. ಬೆನ್ನಾಸರ್ ಕೈ ಹಿಂದಕ್ಕೆ ಎಳೆದುಕೊಂಡ. ಅಸ್ಸೂ ಅದನ್ನು ಗೋಡೆಗೆ ಒರಗಿಸಿಟ್ಟು ಜೀಪಿನತ್ತ ನಡೆದ.

ಅರ್ಧ ದಾರಿಯಲ್ಲಿ ಅವನು ಒಂದೇ ಒಂದು ಸಲ ಬಾಯಿಬಿಟ್ಟ.

“ಎರಡೇ ಎರಡು ಮಾತು, ಅಲ್ವಾ ಸಾಹೇಬ? ಆ ಹುಡುಗಿ ಹೇಳಿದ್ಲಲ್ಲ. ತೂದಾಂದೂ ಅಷ್ಟೇ ಇದ್ದದ್ದು.” ಆಮೇಲೆ ಮುಖವನ್ನು ಜೆಲ್ಲಾಬಾ ನಿಲುವಂಗಿಯ ಮುಸುಕಿನೊಳಗೆ ಎಳೆದುಕೊಂಡು ಅತ್ತ. ಶರ್ಕಾವಿ ಕಿಟಕಿಯಾಚೆ ನೋಡುತ್ತ ಕುಳಿತ.

ಸಂಜೆ 6.30ಕ್ಕೆ ಮನೆಯ ಪಂಚನಾಮೆಯನ್ನು ಬಾಸ್ಸು ತಾವೇ ಬರೆದು ಮುಗಿಸಿದರು. ವಶಪಡಿಸಿಕೊಂಡದ್ದು: ಸಸಿಗಳು ಮುನ್ನೂರ ಹನ್ನೆರಡು, ಜೀವಂತ ನಲವತ್ತೊಂದು, ಆರೈಕೆಗಾಗಿ ದೂರುದಾರರ ವಶಕ್ಕೆ ಕೊಡಲಾಗಿದೆ. ಹುಲ್ಲುಗಾವಲಿನಲ್ಲಿ ಸಿಕ್ಕಿದ್ದು: ಬೋರ್ಡು ಒಂದು. ಮೊಳೆ ಎಂಟು. ಸಹಿ ಹಾಕಲು ಹೋದವರು ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದರು.

‘ಗೋಡೆಯ ಮೇಲೆ ಕುಡುಗೋಲು ಒಂದು. ಒತ್ತೆಯ ವಸ್ತು. ಒಡತಿ ತೀರಿಕೊಂಡಿದ್ದಾರೆ. ವಶಪಡಿಸಿಕೊಂಡಿಲ್ಲ.’