ಗೋಡೆಯಾಚೆಯ ಸಿಗ್ನಲ್

"ನಿಮ್ಮ ಮನೇಲಿ ಅದೇನು ಇಟ್ಟಿದ್ದೀರಿ, ಮೊದಲು ಹೇಳಿ!"

ಕನ್ನಡಕದಂಗಡಿಯವನು ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸಿ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದವಳು ಮಹಡಿಯ ಮೇಲೆ ಅವನ ಪಕ್ಕದ ಮನೆಯ ಟೀಚರ್. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆದರೂ ಇಬ್ಬರೂ ಮಾತಾಡಿದ್ದು ಇದೇ ಮೊದಲು.

"ಯಾವುದರ ಬಗ್ಗೆ ಕೇಳ್ತಿದ್ದೀರಿ?"

"ನನ್ನ ವೈಫೈ ಬಗ್ಗೆ! ನೀವು ಅಂಗಡಿ ತೆಗೆದ್ರೆ ಅದು ಬಾಗಿಲು ಹಾಕ್ಕೊಳ್ಳುತ್ತೆ. ನಿಮಗೆ ರಜೆ ಇದ್ದ ದಿನ ಮಾತ್ರ ಚೆನ್ನಾಗಿರುತ್ತೆ. ರಿಪೇರಿಯವರು ಬಂದು ನೋಡಿದ್ರು. ಲೈನ್ ಸರಿಯಿದೆ, ಗೋಡೆಯಾಚೆ ಯಾವುದೋ ವೈರ್‌ಲೆಸ್ ಯಂತ್ರ ಅಡ್ಡ ಬರ್ತಿದೆ ಅಂದ್ರು."

ಅವನ ಮೇಜಿನ ಮೇಲೆ ಅಂಗೈಯಗಲದ ಒಂದು ಪರದೆಯಿತ್ತು. ಅದಕ್ಕೊಂದು ಗಿಡ್ಡ ಆಂಟೆನಾ. ಅವಳ ಕಣ್ಣು ಅತ್ತ ಹೊರಳಿದ್ದೇ ತಡ, ಅವನು ಅದನ್ನು ಮಗುಚಿಟ್ಟ.

"ಅದೇನದು? ಕ್ಯಾಮೆರಾನಾ? ಯಾರನ್ನ ನೋಡ್ತೀರಿ ಅದರಲ್ಲಿ?"

ಅವನ ಮುಖ ಬಿಗಿಯಿತು. ದಣಿದ ಕಣ್ಣುಗಳನ್ನು ಒಮ್ಮೆ ಉಜ್ಜಿಕೊಂಡ.

"ಇವತ್ತಿಂದ ಆಫ್ ಮಾಡ್ತೀನಿ."

ಅಷ್ಟೇ. ಮತ್ತೆ ಯಂತ್ರದ ಕಡೆ ತಿರುಗಿದ.

'ಎಂಥ ಮನುಷ್ಯ! ಒಂದು ಕ್ಷಮೆ ಕೂಡ ಕೇಳಲಿಲ್ಲ...' ಎಂದು ಬೈದುಕೊಳ್ಳುತ್ತಲೇ ಅವಳು ಮೆಟ್ಟಿಲು ಹತ್ತಿದಳು. ಆದರೂ ಆ ಕಣ್ಣುಗಳಲ್ಲಿದ್ದ ದಣಿವು ಅವಳ ಜೊತೆಗೇ ಮೇಲೆ ಬಂದಿತ್ತು.

ಅವಳ ಕೋಪಕ್ಕೂ ಕಾರಣವಿತ್ತು. ಕಿವಿ ಕೇಳದ ಮಕ್ಕಳಿಗೆ ಅವಳು ಮನೆಯಿಂದಲೇ, ವೀಡಿಯೊದಲ್ಲಿ, ಸನ್ನೆ ಭಾಷೆ ಕಲಿಸುತ್ತಿದ್ದಳು. ಉಳಿದ ಪಾಠಗಳಲ್ಲಿ ಚಿತ್ರ ನಿಂತರೂ ದನಿ ಕೇಳುತ್ತದೆ. ಇಲ್ಲಿ ಚಿತ್ರ ನಿಂತರೆ ಎಲ್ಲವೂ ನಿಂತಂತೆ. ಗಾಳಿಯಲ್ಲಿ ಎತ್ತಿದ ಅವಳ ಕೈ ಅರ್ಧ ಪದದಲ್ಲಿ ಕಲ್ಲಾಗುತ್ತಿತ್ತು, ಮಕ್ಕಳು ಕಣ್ಣರಳಿಸಿ ಕಾಯುತ್ತಿದ್ದರು. ಪೋಷಕರೆಲ್ಲ ಕುಳಿತು ನೋಡುವ ಪಾಠವೊಂದು ಹತ್ತಿರ ಬಂದಿತ್ತು. ಅದೂ ಕೆಟ್ಟರೆ ತರಗತಿಯನ್ನು ಬೇರೆಯವರಿಗೆ ಕೊಡುವುದಾಗಿ ಶಾಲೆಯ ಮುಖ್ಯಸ್ಥೆ ತಿಳಿಸಿದ್ದರು.

ಅವಳು ತನಗೆ ತೋಚಿದ್ದನ್ನೆಲ್ಲ ಮಾಡಿ ನೋಡಿದ್ದಳು. ಧೂಳು ಕೂರದಿರಲೆಂದು ಚಿಕ್ಕಮ್ಮ ರೂಟರ್‌ಗೆ ಹೊದಿಸಿದ್ದ ಕ್ರೋಶಾ ಬಟ್ಟೆಯನ್ನು ತೆಗೆದಳು. ಸ್ಟೀಲ್ ಡಬ್ಬಗಳ ಹಿಂದಿನಿಂದ ಅದನ್ನು ಎತ್ತರದ ಕಪಾಟಿಗೆ ಏರಿಸಿದಳು. ಆಫ್ ಮಾಡಿ ಆನ್ ಮಾಡಿದಳು, ಚಾನೆಲ್ ಬದಲಿಸಿದಳು. ಏನೂ ಪ್ರಯೋಜನವಾಗಿರಲಿಲ್ಲ.

"ಬೈದು ಬಂದ್ಯಾ?" ಚಿಕ್ಕಮ್ಮ ಕೇಳಿದರು.

"ಕೇಳಿ ಬಂದೆ ಅಷ್ಟೇ. ಅವರ ಹತ್ರ ಯಾವುದೋ ಕ್ಯಾಮೆರಾ ಇರೋ ಹಾಗಿದೆ, ಅದೂ ನಮ್ಮ ವೈಫೈನೂ ಒಂದೇ ಥರದ ಅಲೆ ಬಳಸುತ್ತೇನೋ."

"ಎತ್ತು ಏರಿಗೆ, ಕೋಣ ನೀರಿಗೆ ಅನ್ನು! ಊರಿಗೆಲ್ಲ ಕಣ್ಣು ಸರಿ ಮಾಡ್ತಾನೆ, ಎದುರಿಗೆ ಸಿಕ್ಕರೆ ಮುಖ ಎತ್ತಲ್ಲ. ಆದ್ರೂ ನೋಡೋಕೆ ಲಕ್ಷಣವಾಗಿದಾನೆ ಕಣೇ."

"ಚಿಕ್ಕಮ್ಮಾ!"

ಅಂದಿನಿಂದ ವೈಫೈ ನೀರು ಹರಿದ ಹಾಗೆ ಹರಿಯಿತು. ಆದರೆ ಅವಳು ಇನ್ನೊಂದನ್ನು ಗಮನಿಸಿದಳು. ಅವನು ಅಂಗಡಿ ಬಿಟ್ಟು ಮೇಲೆ ಬರುವುದು ಹೆಚ್ಚಾಗಿತ್ತು. ಬರುವುದಲ್ಲ... ಓಡಿ ಬರುತ್ತಿದ್ದ. ಒಂದೊಂದು ಸಲ ಹೆಗಲ ಮೇಲೆ ಲೆನ್ಸ್ ಒರೆಸುವ ಬಟ್ಟೆ, ಕೈಯಲ್ಲಿ ಯಾರದೋ ಕನ್ನಡಕ. "ಥ್ಯಾಂಕ್ಸ್ ರೀ" ಎನ್ನಲು ಅವಳು ಬಾಗಿಲು ತೆರೆಯುವಷ್ಟರಲ್ಲಿ ಅವನು ಮಾಯ.

'ನನ್ನ ಮುಖ ನೋಡೋಕೂ ಇಷ್ಟ ಇಲ್ಲ' ಎಂದುಕೊಂಡಳು. ಯಾಕೋ ಅದು ನೋವು ಕೊಟ್ಟಿತು.

ಪೋಷಕರ ಪಾಠದ ದಿನ ಬಂತು. ಪರದೆಯ ತುಂಬ ಪುಟ್ಟ ಮುಖಗಳು, ಅವುಗಳ ಹಿಂದೆ ಅಪ್ಪ ಅಮ್ಮಂದಿರು. ಒಂದು ಕೈಯೂ ನಡುವೆ ನಿಲ್ಲಲಿಲ್ಲ. ಅವಳು ಇನ್ನೇನು ಕಥೆ ಶುರು ಮಾಡಬೇಕು...

ಧಡ್!

ಗೋಡೆಯಾಚೆ ಏನೋ ಬಿತ್ತು. ಆಮೇಲೆ ನರಳಿದ ಸದ್ದು.

ಎದ್ದರೆ ತರಗತಿ ಹೋಗಬಹುದು. ಅವಳಿಗೆ ಅದು ಗೊತ್ತಿತ್ತು. 'ಸ್ವಲ್ಪ ಇರಿ' ಎಂದು ಮಕ್ಕಳಿಗೆ ಸನ್ನೆ ಮಾಡಿ, "ಚಿಕ್ಕಮ್ಮಾ, ಇಲ್ಲಿ ಕೂತ್ಕೊಳ್ಳಿ! ಕೆಳಗೆ ಅಂಗಡಿಗೆ ಫೋನ್ ಮಾಡಿ!" ಎನ್ನುತ್ತಾ ಓಡಿದಳು.

ಪಕ್ಕದ ಮನೆಯ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಒಳಗೆ ಮಂಚದ ಪಕ್ಕ ವೃದ್ಧರೊಬ್ಬರು ನೆಲದ ಮೇಲಿದ್ದರು. ಬಲಗೈ ಸತ್ತಂತೆ ಬಿದ್ದಿತ್ತು. ಬಾಯಿ ಅಲುಗಿದರೂ ಮಾತು ಹೊರಡಲಿಲ್ಲ. ಅವಳು ಪಕ್ಕದಲ್ಲಿ ಕುಳಿತು ಅವರ ತಲೆ, ಸೊಂಟ, ಕಾಲು ತೋರಿಸಿ, 'ಇಲ್ಲಿ ನೋವಾ?' ಎಂದು ಕೈಯಲ್ಲೇ ಕೇಳಿದಳು. ಅವರು ಬೆರಗಾಗಿ ನೋಡಿದರು. ಆಮೇಲೆ ಎಡಗೈ ಮೆಲ್ಲಗೆ ಎದ್ದು ಮೊಣಕಾಲು ತೋರಿಸಿತು. ಬಹಳ ದಿನಗಳ ಮೇಲೆ ಯಾರೋ ಅವರನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿದ್ದರು.

ಅಷ್ಟರಲ್ಲಿ ಅವನು ಏದುಸಿರು ಬಿಡುತ್ತಾ ಬಂದ. "ಅಪ್ಪಾ!"

"ಮೊಣಕಾಲು ಮಾತ್ರ ನೋವಂತೆ. ತಲೆಗೆ ಏನೂ ಆಗಿಲ್ಲ."

ಇಬ್ಬರೂ ಸೇರಿ ಅವರನ್ನು ಮಂಚಕ್ಕೆ ಏರಿಸಿದರು. ಆಗ ಅವಳಿಗೆ ಕಂಡಿತು... ಗೋಡೆಯ ಕಪಾಟಿನಲ್ಲಿ, ಮಂಚದ ಕಡೆ ಮುಖ ಮಾಡಿದ ಒಂದು ಪುಟ್ಟ ಕ್ಯಾಮೆರಾ. ಅದರ ವೈರು ಪ್ಲಗ್ಗಿನಿಂದ ಕಿತ್ತು ನೇತಾಡುತ್ತಿತ್ತು.

"ಇದನ್ನಾ ನೀವು ಆಫ್ ಮಾಡಿದ್ದು?"

"ನಿಮ್ಮ ಮಕ್ಕಳ ಪಾಠ ನಿಲ್ತಿತ್ತಲ್ಲ. ಮೆಟ್ಟಿಲು ಹತ್ತಿ ಇಳಿದ್ರೆ ಆಗುತ್ತೆ ಅಂದ್ಕೊಂಡೆ."

"ಒಂದು ಮಾತು ಹೇಳಬಾರದಿತ್ತೇನ್ರೀ?"

"ಅಪ್ಪ ವಕೀಲರಾಗಿದ್ದೋರು. ಲಕ್ವ ಹೊಡೆದು ಮಾತು ಹೋದ ಮೇಲೆ ಯಾರೂ ತಮ್ಮನ್ನ ಈ ಸ್ಥಿತೀಲಿ ನೋಡಬಾರದು ಅಂತ... ಪರದೆ ಮಗುಚಿಟ್ಟಿದ್ದು ಅದಕ್ಕೇ."

'ಯಾರನ್ನ ನೋಡ್ತೀರಿ' ಎಂದು ತಾನು ಕೇಳಿದ್ದು ನೆನಪಾಗಿ ಅವಳ ಕಣ್ಣು ತುಂಬಿತು. "ನನ್ನನ್ನ ಕ್ಷಮಿಸಿಬಿಡಿ..."

"ಅಯ್ಯೋ, ಅಳಬೇಡಿ ಟೀಚರ್. ಕಣ್ಣಿನ ವಿಷಯ ನನಗೆ ಗೊತ್ತು, ಇವು ಅಳೋಕಿರೋ ಕಣ್ಣಲ್ಲ." ಅಂದುಬಿಟ್ಟು ತಾನೇ ಕೆಂಪಾದ.

ಅವಳು ಮನೆಗೆ ಮರಳಿದಾಗ ತರಗತಿ ಇನ್ನೂ ನಡೆಯುತ್ತಿತ್ತು! ಚಿಕ್ಕಮ್ಮ ಪರದೆಯ ಮುಂದೆ ಬೆವರುತ್ತಾ ಕುಳಿತಿದ್ದರು. ಮಕ್ಕಳೆಲ್ಲ ಸೇರಿ ಅವರಿಗೆ 'ಬೆಕ್ಕು' ಕಲಿಸುತ್ತಿದ್ದರು. ತಪ್ಪಿದಾಗಲೆಲ್ಲ ನಗುತ್ತಾ ತಿದ್ದುತ್ತಿದ್ದರು. ತಮ್ಮ ಮಕ್ಕಳು ಪಾಠ ಹೇಳುವುದನ್ನು ಪೋಷಕರು ಮೈಮರೆತು ನೋಡುತ್ತಿದ್ದರು.

"ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ? ತರಗತಿ ನಿಮ್ಮದೇ" ಎಂದರು, ಪರದೆಯ ಮೂಲೆಯಲ್ಲಿ ಎಲ್ಲ ನೋಡುತ್ತಿದ್ದ ಮುಖ್ಯಸ್ಥೆ.

ಮರುದಿನ ಅವಳೇ ಹೋಗಿ ಕ್ಯಾಮೆರಾ ಪ್ಲಗ್ ಹಾಕಿದಳು. "ಇನ್ನು ಇದು ಉರೀತಾನೇ ಇರಲಿ. ರೂಟರ್‌ನಿಂದ ನೇರ ಕೇಬಲ್ ಎಳೆದ್ರೆ ನನಗೆ ವೈಫೈಯೇ ಬೇಡ, ಮೊದಲೇ ಹೊಳೀಲಿಲ್ಲ."

ಹಾಲಿನ ರೂಟರ್‌ನಿಂದ ಅವಳ ಕೋಣೆಯ ಮೇಜಿನವರೆಗೆ ಕೇಬಲ್ ಎಳೆದವನು ಅವನೇ. ಗೋಡೆಯಂಚಿಗೆ ಕ್ಲಿಪ್ ಹೊಡೆಯುತ್ತಾ ಮಂಡಿಯೂರಿ ಸಾಗುತ್ತಿದ್ದವನನ್ನು ನೋಡಿ ಚಿಕ್ಕಮ್ಮ, "ನಿಧಾನ ಮಾಡಪ್ಪಾ, ನಮಗೇನೂ ಅವಸರ ಇಲ್ಲ" ಎಂದರು. ಅವನು ನಿಜವಾಗಿಯೂ ನಿಧಾನ ಮಾಡಿದ.

ಸಂಜೆಗಳಲ್ಲಿ ಅವಳು ಅವನ ಅಪ್ಪನಿಗೆ ಒಂದೇ ಕೈಯ ಸನ್ನೆಗಳನ್ನು ಕಲಿಸತೊಡಗಿದಳು. ನೀರು. ಸಾಕು. ನೋವು. ಮಗ. ಮಾತು ಕಳೆದುಕೊಂಡ ವಕೀಲರು ಬೇಗ ಬೇಗ ಕಲಿತರು. ಅಂಗಡಿಯ ಕೆಲಸದ ನಡುವೆ ಕಲಿಯುವುದರಲ್ಲಿ ಮಗ ಮಾತ್ರ ಹಿಂದೆ ಬಿದ್ದ.

ಒಂದು ದಿನ ವೃದ್ಧರಿಗೆ ತಿಳಿಸಿ, ಚಿಕ್ಕಮ್ಮನ ಕನ್ನಡಕ ಒಯ್ಯಲು ಅವಳು ಅಂಗಡಿಗೆ ಬಂದಳು. ಅವನು ಅದನ್ನು ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಮೇಜಿನ ಮೇಲಿನ ಪರದೆ ಅಲುಗಿತು.

"ಟೀಚರ್, ಅಪ್ಪ ಏನೋ ಹೇಳ್ತಿದ್ದಾರೆ. ನನಗೆ ಅರ್ಥ ಆಗ್ತಿಲ್ಲ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

ಮಂಚದ ಮೇಲೆ ದಿಂಬಿಗೊರಗಿ ವೃದ್ಧರು ನೇರ ಕ್ಯಾಮೆರಾವನ್ನೇ ನೋಡುತ್ತಿದ್ದರು. ಎಡಗೈ ಒಂದು ಸನ್ನೆ ಮಾಡಿತು. ಆಮೇಲೆ ಬೆರಳು ತುಟಿಯ ಬಳಿಯಿಂದ ಮುಂದಕ್ಕೆ ಚಾಚಿತು. ಮತ್ತೆ ಅದೇ... ಸ್ವಲ್ಪ ಸಿಡುಕಿನಿಂದ.

ಅವಳ ಕೆನ್ನೆ ಬಿಸಿಯಾಯಿತು. "'ಮಗನೇ, ಹೇಳು' ಅಂತಿದ್ದಾರೆ."

"ಏನನ್ನ?"

"ಅದು ನಿಮಗೆ ಗೊತ್ತಿರಬೇಕು."

ಅವನು ಕನ್ನಡಕ ಕೆಳಗಿಟ್ಟ. ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ.

"ನೀವು ಬೈಯೋಕೆ ಬಂದ ದಿನದಿಂದ ಇದೆ ಮನಸ್ಸಲ್ಲಿ. ಕೇಬಲ್ ಎಳೆಯೋಕೆ ಒಂದು ಗಂಟೆ ಸಾಕಿತ್ತು ಟೀಚರ್, ಇಡೀ ದಿನ ತಗೊಂಡೆ. ನನಗೆ ನೀವು ಬೇಕು... ಗೋಡೆಯಾಚೆ ಅಲ್ಲ, ಈಚೆ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಇಲ್ಲಿಂದ ಮೇಲಕ್ಕೆ ನಾವು ಕಾಣ್ತೀವಾ ಅವರಿಗೆ?"

"ಇಲ್ಲ. ಇದು ಒಂದೇ ಕಡೆ ತೋರಿಸೋದು."

"ಹಾಗಾದ್ರೆ ಪಾಪ, ಕಾಯ್ತಿರ್ತಾರೆ. ಬನ್ನಿ, ಇಬ್ಬರೂ ಹೋಗಿ ಹೇಳೋಣ."

ಅವನು ಅಂಗಡಿಯ ಬಾಗಿಲು ಎಳೆದುಕೊಂಡ. ಈ ಸಲ ಮೆಟ್ಟಿಲನ್ನು ಓಡಿ ಹತ್ತಲಿಲ್ಲ.

"'ಹೂಂ' ಅನ್ನೋದಕ್ಕೆ ಸನ್ನೆ ಹೇಗೆ ಟೀಚರ್?"

ಅವಳು ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಮೇಲೆ ಹೋಗೋವರೆಗೆ ಹೀಗೇ ಹಿಡ್ಕೊಂಡಿರಿ. ಅವರಿಗೆ ಅರ್ಥ ಆಗುತ್ತೆ."